ಕಮಿಷನ್ ಇಲ್ಲದ ಅಂಗಡಿ

ಬೆಳಿಗ್ಗೆ ಆರಕ್ಕೆ, ಮುದುಕಿ ಎವಾಂಥಿಯಾ ಎದ್ದು ಕೂಗುವ ಮೊದಲು, ನಾಜಿಬ್ರೋಲಾ ಅಡುಗೆಮನೆಯ ಕಿಟಕಿಯ ಬಳಿ ನಿಂತು ಹೆಸರುಗಳನ್ನು ಹೇಳುತ್ತಿದ್ದಳು. ಕಿಟಕಿಯ ದಂಡೆಯ ಮೇಲೆ ಸಂತ ನಿನೋಳ ಬೆರಳುದ್ದದ ಚಿತ್ರ. ಶಿಲುಬೆಯ ಗುರುತು ಮಾಡಿಕೊಂಡು ಮೊದಲು ತಾಯಿ ದಾರೆಜಾನ್, ಆಮೇಲೆ ತಮ್ಮ ಅವ್ತೊ, ಅವನ ಹೆಂಡತಿ ಲಿಯಾ, ಕೊನೆಗೆ ಜುರಾಬ್ ಮತ್ತು ಅವನ ಮಗಳು ಸಲೋಮೆ. ಜಾರ್ಜಿಯಾದಿಂದ ಥೆಸಲೋನಿಕಿಗೆ ಮುದುಕಿಯ ಆರೈಕೆಗೆಂದು ಬಂದ ಹನ್ನೊಂದು ವರ್ಷದಲ್ಲಿ, ಜ್ವರ ಬಂದ ದಿನವೂ ಅವಳು ಇದನ್ನು ತಪ್ಪಿಸಿದವಳಲ್ಲ.

"ನಿನ್ನ ಸಂತಳಿಗೂ ನನ್ನ ಹಾಗೇ ಕಿವಿ ಮಂದ ಕಣೇ. ದಿನಾ ಅದನ್ನೇ ಹೇಳಿಸ್ಕೋತಾಳೆ" ಎಂದು ಎವಾಂಥಿಯಾ ಹಾಸಿಗೆಯಿಂದಲೇ ಛೇಡಿಸುತ್ತಿದ್ದಳು.

ಫೆಬ್ರವರಿ ಹನ್ನೆರಡರಂದು ದಾರೆಜಾನ್ ತಮ್ಮ ಊರು ಕುತಾಯಿಸಿಯಲ್ಲಿ ತೀರಿಕೊಂಡಳು. ಆ ಹೆಸರು ಬದುಕಿರುವವರ ಸಾಲಿನಿಂದ ಹೋದವರ ಸಾಲಿಗೆ ಸರಿಯಬೇಕಿತ್ತು. ನಾಜಿಬ್ರೋಲಾ ಮಾತ್ರ ಅದನ್ನು ಮೊದಲಿಗೇ ಹೇಳುತ್ತ ಬಂದಳು.

ಹೋಗಿ ಒಂದು ಹಿಡಿ ಮಣ್ಣು ಹಾಕಿ ಬರಲು ಆಗಲಿಲ್ಲ. ಕಾಗದಪತ್ರ ಇಲ್ಲದವಳು ಒಮ್ಮೆ ಗಡಿ ದಾಟಿದರೆ ವರ್ಷಗಟ್ಟಲೆ ಮತ್ತೆ ಒಳಗೆ ಬಿಡುವುದಿಲ್ಲ; ಸಂಪಾದನೆ ಅಲ್ಲಿಗೇ ನಿಂತಂತೆ. ಕುತಾಯಿಸಿಯಲ್ಲಿ ಎರಡು ಕೋಣೆಯ ಮನೆಯೊಂದನ್ನು ತಿಂಗಳ ಕಂತಿನ ಮೇಲೆ ಕೊಂಡಿದ್ದರು. ಕೊನೆಯ ಕಂತು ಕಟ್ಟಿದ ಮರುದಿನವೇ ಊರಿಗೆ ಹೊರಡುವುದೆಂದು ತಾಯಿ ಮಗಳ ನಡುವೆ ಮಾತಾಗಿತ್ತು. ಪ್ರತಿ ಭಾನುವಾರ ಫೋನಿನಲ್ಲಿ ದಾರೆಜಾನ್ ಕೇಳುತ್ತಿದ್ದದ್ದು ಒಂದೇ ಮಾತು, ಇನ್ನೆಷ್ಟು ಕಂತು ಮಗಳೇ ಎಂದು. ಅವಳು ಕಣ್ಣು ಮುಚ್ಚಿದಾಗ ಎರಡು ಉಳಿದಿದ್ದವು.

ಆ ಕಂತಿಗೆ ತಿಂಗಳಿಗೆ ನಾನೂರು ಯೂರೋ ಊರಿಗೆ ಹೋಗುತ್ತಿದ್ದದ್ದು ರೈಲು ನಿಲ್ದಾಣದ ಹಿಂದಿನ, ಹಣ ಕಳಿಸಿಕೊಡುವ ಜುರಾಬನ ಅಂಗಡಿಯಿಂದ. ಸಲೋಮೆಗೆ ದೀಕ್ಷಾಸ್ನಾನ ಮಾಡಿಸುವಾಗ ಮಗುವನ್ನು ಎತ್ತಿ ಹಿಡಿದವಳು ನಾಜಿಬ್ರೋಲಾ. ಅಂದಿನಿಂದ ಅವನೂ ಅವಳೂ ಒಬ್ಬರಿಗೊಬ್ಬರು ನಾತ್ಲಿಯಾ. ಒಡಹುಟ್ಟಿದವರಿಗಿಂತ ಒಂದು ಕೈ ಮೇಲು. ಅಂಗಡಿಯ ಗಾಜಿನ ಮೇಲೆ 'ಕಮಿಷನ್ ಇಲ್ಲ' ಎಂದು ಕೆಂಪು ಅಕ್ಷರದಲ್ಲಿ ಬರೆದಿತ್ತು. ಅವಳು ನೋಟುಗಳನ್ನು ಕೊಡುತ್ತಿದ್ದಳು, ಅವನು ಚೀಟಿ ಕೊಡುತ್ತಿದ್ದ. ಚೀಟಿಯಲ್ಲಿ ಏನಿದೆ ಎಂದು ಅವನೆದುರು ಓದುವುದು ಅವನ ಮುಖಕ್ಕೆ ಉಗಿದ ಹಾಗೆ ಎಂದು ಅವಳು ತಿಳಿದಿದ್ದಳು. ಅಲ್ಲಿಗೆ ಬರುವ ಹೆಂಗಸರೆಲ್ಲ ಹಾಗೇ ತಿಳಿದಿದ್ದರು.

ತಾಯಿ ತೀರಿದ ನಲವತ್ತನೆಯ ದಿನದ ಊಟಕ್ಕೆ ಹಣ ಕಳಿಸಲು ಮಾರ್ಚಿನ ಮೊದಲ ಗುರುವಾರ ಹೋದಾಗ ಅಂಗಡಿ ಮುಚ್ಚಿತ್ತು. ಜುರಾಬ್ ಯಾವುದೋ ಮದುವೆಗೆ ಹೋಗಿದ್ದ. ಗುರುವಾರ ಮಧ್ಯಾಹ್ನ ಬಿಟ್ಟರೆ ಅವಳಿಗೆ ಬಿಡುವಿಲ್ಲ. ಬೇರೆ ದಾರಿ ಕಾಣದೆ ರಸ್ತೆಯಾಚೆಯ ಅಂಗಡಿಗೆ ಹೋದಳು. ಅಲ್ಲಿಯವನು ನಾನೂರರಲ್ಲಿ ನಾಲ್ಕು ಯೂರೋ ಕಮಿಷನ್ ಹಿಡಿದುಕೊಂಡ. ಸತ್ತ ತಾಯಿಯ ಊಟದ ಹಣದಲ್ಲಿ ನಾಲ್ಕು ಯೂರೋ ಪೋಲು ಮಾಡಿದೆನಲ್ಲ ಎಂದು ದಾರಿಯುದ್ದಕ್ಕೂ ಕೊರಗಿದಳು.

ಮರುದಿನ ಲಿಯಾ ಫೋನು ಮಾಡಿದಳು.

"ಅಕ್ಕಾ, ಈ ಸಲ ಜಾಸ್ತಿ ಕಳಿಸಿದ್ರಾ? ಊಟಕ್ಕೆ ಅಂತ?"

ಇಲ್ಲ, ಅಷ್ಟೇ ಕಳಿಸಿದ್ದು ಎಂದಳು ನಾಜಿಬ್ರೋಲಾ. ಜುರಾಬನ ಅಂಗಡಿಯಿಂದ ಜನವರಿಯಲ್ಲಿ ಹೋದ ನಾನೂರಕ್ಕೆ ಊರಿನ ದುಡ್ಡಿನಲ್ಲಿ ಸಾವಿರದ ನೂರನಾಲ್ಕು ಲರಿ ಸಿಕ್ಕಿತ್ತು. ಈಗ ಸಾವಿರದ ನೂರನಲವತ್ತೆಂಟು. ಯೂರೋ ಏರಿರಬೇಕು ಎಂದು ಇಬ್ಬರೂ ಅಂದುಕೊಂಡರು. ಆದರೂ ಮನಸ್ಸು ತಡೆಯದೆ ನಾಜಿಬ್ರೋಲಾ ಎವಾಂಥಿಯಾಳ ಮಗನ ಹತ್ತಿರ ಬ್ಯಾಂಕಿನ ದರ ಕೇಳಿ ನೋಡಿದಳು. ಜನವರಿಗೂ ಈಗಕ್ಕೂ ದರ ಒಂದಿಷ್ಟೂ ಅಲುಗಿರಲಿಲ್ಲ.

ಎವಾಂಥಿಯಾ ಮೂವತ್ತು ವರ್ಷ ದಿನಸಿ ಅಂಗಡಿಯ ಗಲ್ಲಾದಲ್ಲಿ ಕೂತವಳು. ಕಣ್ಣು ಹೋಗಿತ್ತು, ಲೆಕ್ಕ ಹೋಗಿರಲಿಲ್ಲ. ಚಮಚದಲ್ಲಿ ಗಂಜಿ ತಿನ್ನಿಸಿಕೊಳ್ಳುತ್ತಲೇ ಎಲ್ಲ ಕೇಳಿಸಿಕೊಂಡಳು.

"ಕಮಿಷನ್ ಇಲ್ಲ ಅಂದವನು ರೇಟಿನಲ್ಲಿ ತಗೊಂಡಿದ್ದಾನೆ. ನೂರಕ್ಕೆ ನಾಲ್ಕು. ಹನ್ನೊಂದು ವರ್ಷ ಹೀಗೇ ನಡೆದಿದ್ರೆ ಐದು ತಿಂಗಳ ದುಡ್ಡು ಆಯ್ತು" ಎಂದಳು. ತುಟಿ ಒರೆಸಿಸಿಕೊಂಡು ಮತ್ತೆ ಹೇಳಿದಳು, "ಐದು ತಿಂಗಳು ನೀನು ನನ್ನ ಮೈ ತೊಳೆದದ್ದು ಅವನಿಗೋಸ್ಕರ ಕಣೇ."

ಮುದುಕಿ ಹೇಳಿದ್ದು ಹಣದ ಲೆಕ್ಕ. ನಾಜಿಬ್ರೋಲಾ ಬಟ್ಟಲು ಹಿಡಿದುಕೊಂಡೇ ಬೇರೆ ಲೆಕ್ಕ ಮಾಡುತ್ತಿದ್ದಳು. ಏಪ್ರಿಲಿಗೆ ಮುಗಿಯಬೇಕಿದ್ದ ಕಂತು ಐದು ತಿಂಗಳು ಮೊದಲು ಎಂದರೆ ನವೆಂಬರು. ಡಿಸೆಂಬರಿನಲ್ಲಿ ಅವಳು ಊರಲ್ಲಿರುತ್ತಿದ್ದಳು. ಹಬ್ಬಕ್ಕೆ ತಾಯಿಯ ಜೊತೆ ಇಗರ್ಜಿಗೆ ಹೋಗುತ್ತಿದ್ದಳು. ಹೊಸ ಮನೆಯ ಅಡುಗೆ ಒಲೆ ತಾಯಿಯ ಕೈಯಲ್ಲೇ ಹಚ್ಚಿಸುತ್ತಿದ್ದಳು. ಫೆಬ್ರವರಿ ಹನ್ನೆರಡರಂದು ಆ ಕೈ ಹಿಡಿದು ಕೂತಿರುತ್ತಿದ್ದಳು.

ಮರುದಿನ ಬೆಳಿಗ್ಗೆ ಕಿಟಕಿಯ ಬಳಿ ಜುರಾಬನ ಹೆಸರಿನ ಹತ್ತಿರ ಬಂದು ನಿಂತಳು. ಕೊನೆಗೆ ಹೇಳಿದಳು. ಹೇಳಿದ್ದರಿಂದ ಮನಸ್ಸು ಹಗುರವಾಗಲಿಲ್ಲ.

ಮುಂದಿನ ಗುರುವಾರ ಅವಳು ಹೋದಾಗ ಜುರಾಬ್ ದ್ರಾಕ್ಷಿರಸದಲ್ಲಿ ಅದ್ದಿ ಒಣಗಿಸಿದ ಅಕ್ರೋಟಿನ ಸರಗಳನ್ನು ಕೊಕ್ಕೆಗೆ ನೇತುಹಾಕುತ್ತಿದ್ದ. ಅವಳು ಅವನು ಕೊಟ್ಟ ಜನವರಿಯ ಚೀಟಿಯನ್ನೂ ರಸ್ತೆಯಾಚೆಯ ಅಂಗಡಿಯ ಚೀಟಿಯನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಅವನು ನೋಡಿದ.

"ಇಷ್ಟು ವರ್ಷದಲ್ಲಿ ನಿಮ್ಮ ಹತ್ರ ಒಂದು ಸೆಂಟು ಕಮಿಷನ್ ತಗೊಂಡಿದ್ದೀನಾ ನಾತ್ಲಿಯಾ?"

"ಇಲ್ಲ."

"ಮತ್ತೆ?"

"ರೇಟಿನಲ್ಲಿ?"

ಜುರಾಬ್ ನೇತುಹಾಕಿದ ಸರವನ್ನೇ ಮತ್ತೆ ತೆಗೆದು ನೇತುಹಾಕಿದ. ರೇಟು ಹಾಕುವವರು ಮೇಲಿನ ಕಂಪನಿಯವರು, ಅದರಲ್ಲಿ ಅಂಗಡಿಗೂ ಒಂದು ಪಾಲು ಬರುತ್ತದೆ, ಎಲ್ಲರಿಗೂ ಅದೇ ರೇಟು ಎಂದ. ಅಂಗಡಿಯ ಬಾಡಿಗೆ, ಸಲೋಮೆಯ ಓದು ಎಂದೂ ಹೇಳಿದ.

"ಒಂದ್ಸಲಾನಾದ್ರೂ ನೀವು ಕೇಳಿದ್ರೆ ಹೇಳ್ತಿದ್ದೆ" ಎಂದ.

"ನಾತ್ಲಿಯಾನ ಹತ್ರ ರೇಟು ಕೇಳ್ತಾರಾ ಜುರಾಬ್?"

ಹಿಂದೆ ಸಾಲಿನಲ್ಲಿದ್ದ ಇಬ್ಬರು ಹೆಂಗಸರು ನೋಟುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿಸಿಕೊಳ್ಳುತ್ತಿದ್ದರು. ಜುರಾಬ್ ಮೇಜು ಸುತ್ತಿ ಹೊರಗೆ ಬಂದು ಅವಳ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರಿತ್ತು, ಅದು ಸುಳ್ಳಾಗಿರಲಿಲ್ಲ.

"ಉಳಿದ ಎರಡು ಕಂತು ನಾನು ಕಟ್ತೀನಿ. ಊರಿಗೆ ಹೋಗೋ ಭಾನುವಾರದ ವ್ಯಾನಿನಲ್ಲಿ ಮುಂದಿನ ಸೀಟು ಹಿಡಿಸ್ತೀನಿ. ನಲವತ್ತನೇ ದಿನಕ್ಕೆ ನೀವು ಅಮ್ಮನ ಸಮಾಧಿ ಹತ್ರ ಇರ್ತೀರಿ. ಇಲ್ಲ ಅನ್ಬೇಡಿ."

ನಾಜಿಬ್ರೋಲಾ ಮೆಲ್ಲಗೆ ಕೈ ಬಿಡಿಸಿಕೊಂಡಳು. ಚೀಟಿಗಳನ್ನು ಮಡಚಿ ಚೀಲಕ್ಕೆ ಹಾಕಿದಳು. ಐದು ಗಂಟೆಗೆ ಎವಾಂಥಿಯಾಳ ಮಾತ್ರೆ ಇತ್ತು.

"ಬೇಡ ಜುರಾಬ್. ಈಗ ಅವಸರ ಇಲ್ಲ" ಎಂದಳು.