ಅವನ ಸೈಕಲ್ಲು, ಅವನ ಕೆರೆ

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಓದು ಎಂದರೆ ಹೊರಗಿನವರ ಕಿವಿಗೆ ಬೀಳಬೇಕಿತ್ತು. ಅಪ್ಪ ಕಟ್ಟೆಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕುಳಿತಿರುತ್ತಿದ್ದ. ಒಳಗೆ ನಾನು ಉಸಿರೆಳೆಯಲು ನಿಂತರೂ ಸಾಕು, "ಯಾಕಲೇ, ದನಿ ನಿಂತತಲ್ಲ?" ಎಂದು ಕೂಗುತ್ತಿದ್ದ. ಅರವತ್ತರ ದಶಕದ ಮೊದಲ ವರ್ಷಗಳವು, ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದೆ. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಯಾರೂ ಆ ಪರೀಕ್ಷೆ ಪಾಸಾಗಿರಲಿಲ್ಲ. ಗಂಟಲು ಹರಿಯುವಂತೆ ಒದರುತ್ತಿದ್ದೆ, ತಲೆಗೆ ಒಂದು ಸಾಲೂ ಇಳಿಯುತ್ತಿರಲಿಲ್ಲ. ಉಂಡದ್ದು ಅರಗುತ್ತಿರಲಿಲ್ಲ, ಮಲಗಿದರೆ ಕಣ್ಣು ಹತ್ತುತ್ತಿರಲಿಲ್ಲ.

ಗೋಡೆಯಾಚೆಯ ಮನೆಯಲ್ಲಿ ನನ್ನ ವರ್ಗದವನೇ ಒಬ್ಬನಿದ್ದ. ತಂದೆತಾಯಿ ಇಲ್ಲದ ಅವನನ್ನು ಅವನ ಕಾಕಾ ಸಾಕಿದ್ದರು. ಶಾಲೆ ಬಿಟ್ಟೊಡನೆ ಕಾಕಾನ ಹಳೆಯ ಸೈಕಲ್ಲು ಹತ್ತಿ ಹೋಗುತ್ತಿದ್ದ. ದೀಪ ಹಚ್ಚುವ ಹೊತ್ತಿಗೆ ತೊಳೆದಿಟ್ಟಂಥ ಮುಖದಲ್ಲಿ ಮರಳುತ್ತಿದ್ದ. ವರ್ಗಕ್ಕೆ ಅವನೇ ಮೊದಲು. ಅವನ ಅಂಕಗಳನ್ನಾದರೂ ಸಹಿಸಿಕೊಳ್ಳುತ್ತಿದ್ದೆನೇನೋ, ಆ ಮುಖ ಕಂಡರೆ ನನಗೆ ಉರಿಯುತ್ತಿತ್ತು.

ಒಂದು ರವಿವಾರ ಬಾಡಿಗೆ ಸೈಕಲ್ಲು ತೆಗೆದುಕೊಂಡು ಅವನ ಬೆನ್ನು ಹತ್ತಿದೆ. ಉಣಕಲ್ ಕೆರೆಯ ದಂಡೆಯಲ್ಲಿ, ಜಾಲಿ ಗಿಡದ ನೆರಳಿಗೆ, ಪುಸ್ತಕವನ್ನು ಮುಖಕ್ಕೆ ಮುಚ್ಚಿಕೊಂಡು ಮಲಗಿದ್ದ. ಸ್ವಲ್ಪ ಹೊತ್ತಿಗೆ ಎದ್ದು, ನೀರಿಗಿಳಿಯುತ್ತಿದ್ದ ಬೆಳ್ಳಕ್ಕಿಗಳನ್ನು ನೋಡಿ, ಆಮೇಲೆ ತುಟಿ ಅಲುಗಿಸದೆ ಓದತೊಡಗಿದ. ನಾನು ಅವನ ಕಾಕಾನಿಗೆ ಹೇಳಿದ್ದು ಇದರಲ್ಲಿ ಅರ್ಧ ಮಾತ್ರ.

"ಕಾಕಾ, ನಿಮ್ಮ ಹುಡುಗ ದಿನಾ ಕೆರಿ ದಂಡ್ಯಾಗ ಮಕ್ಕೊಂಡಿರ್ತಾನ್ರಿ."

"ಓದಾಕ ಹೊಂಟೇನಿ ಅಂತಾನಲ್ಲೋ!"

"ನಾನ ನೋಡೇನ್ರಿ. ಪುಸ್ತಕ ಮಾರಿ ಮ್ಯಾಲೆ ಇತ್ರಿ."

ಮರುದಿನದಿಂದ ಅವನು ಕಟ್ಟೆಯ ಮೇಲೆ ಕುಳಿತು ಒದರತೊಡಗಿದ. "ಕೆರಿ ನೀರು ಪರೀಕ್ಷಾ ಬರಿತೈತೇನು? ಏರ್ಸು ದನಿ!" ಎಂದು ಕಾಕಾ ಓಣಿಗೆಲ್ಲ ಕೇಳುವಂತೆ ಗದರುತ್ತಿದ್ದರು. ದೇಶಪಾಂಡೆ ನಗರದ ಟ್ಯೂಷನ್ನಿಗೆ ನಾನು ನಡೆದು ಹೋಗುವುದು ಅವರಿಗೆ ಗೊತ್ತಿತ್ತು. "ನೀ ಛಲೋ ಹುಡುಗ. ಸೈಕಲ್ಲು ಸುಮ್ನ ನಿಂತೈತಿ, ನೀನ ಒಯ್ಯಿ" ಎಂದರು.

ಟ್ಯೂಷನ್ನಿಗೆ ಒಯ್ದದ್ದು ಎರಡೇ ದಿನ. ಮೂರನೆಯ ದಿನ ಉಣಕಲ್ ಕಡೆಗೆ ತಿರುಗಿಸಿದೆ. ಅವನ ಗಿಡದ ಕೆಳಗೇ ಮಲಗಿದೆ. ಎಷ್ಟೋ ತಿಂಗಳ ಮೇಲೆ ಗಾಢ ನಿದ್ದೆ ಬಂತು. ಎದ್ದು ಸೈಕಲ್ಲು ತಳ್ಳಿಕೊಂಡು ನೀರಿನ ಅಂಚಿಗೆ ಹೋಗಿ, ಮೊಣಕಾಲ ಮಟ ಇಳಿದು ನಿಂತೆ. ದಂಡೆಗೆ ಬಂದು ಕುಳಿತೆ. ಪುಸ್ತಕ ತೆರೆದರೆ ಓದಿದ್ದು ಓದಿದಲ್ಲೇ ತಲೆಯಲ್ಲಿ ನಿಂತಿತು. ಆಗಲಾದರೂ ಅವನ ಮೇಲೆ ಕನಿಕರ ಹುಟ್ಟಬೇಕಿತ್ತು. ನನಗೆ ಬಂದದ್ದು ಸಿಟ್ಟು: ಇಷ್ಟು ದಿನ ಇದನ್ನೆಲ್ಲ ಒಬ್ಬನೇ ಉಂಡನಲ್ಲ!

ಸೈಕಲ್ಲು ಮರಳಿಸಲು ಹೋದಾಗ ಅವರ ಕಟ್ಟೆಯ ಮೇಲೆ ಅವನ ದನಿ ಒಡೆದುಹೋಗಿತ್ತು. ಗಾಲಿಗೆ ಮೆತ್ತಿದ ಕೆಸರು ನೋಡಿ ಮೆಲ್ಲಗೆ ಕೇಳಿದ: "ನೀರು ಎಲ್ಲಿತನಕ ಇಳದೈತಿ?"

"ಟ್ಯೂಷನ್ದಾಗ ಎಲ್ಲೀ ನೀರಲೇ?" ಎಂದೆ.

"ಯಾರ ಜೋಡಿ ಮಾತು ಅಲ್ಲಿ?" ಕಾಕಾ ಒಳಗಿನಿಂದ ಕೇಳಿದರು. ಅವನು ಒಂದು ಕೈಯಲ್ಲಿ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಲೇ, ಇನ್ನೊಂದು ಕೈಯಲ್ಲಿ ಅರಿವೆ ತೆಗೆದುಕೊಂಡು, ಅವರು ಹೊರಬರುವುದರೊಳಗೆ ಗಾಲಿ ಒರೆಸಿಬಿಟ್ಟ. ಪರೀಕ್ಷೆಯವರೆಗೆ ನಾನು ದಿನವೂ ಹೋದೆ. ಅವನು ದಿನವೂ ಒರೆಸಿದ.

ನಾನು ಪಾಸಾದೆ. ಅವನು ಗಣಿತದಲ್ಲಿ ಹೋದ. ಗಣಿತವನ್ನು ಒದರಿ ಕಲಿತವರು ಯಾರಿದ್ದಾರೆ? ಕಾಕಾ ಅವನನ್ನು ಹತ್ತಿಯ ಅಡತಿ ಅಂಗಡಿಗೆ ಕೆಲಸಕ್ಕೆ ಹಚ್ಚಿದರು. ಹಚ್ಚುವ ಮುಂಚೆ ಅವನನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದು, ನನ್ನ ಕೈಯಲ್ಲಿ ಪೇಡೆ ಇಟ್ಟು ಹೇಳಿದರು: "ನೀ ಇನ್ನೊಂದೀಟು ಮೊದಲ ಹೇಳಿದ್ರ ಇಂವ ಉಳೀತಿದ್ದ ನೋಡು. ಆ ಕೆರಿನ ಇವನ್ನ ಹಾಳ ಮಾಡ್ತು."

ಅವನು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ.

"ಹೌದ್ರಿ ಕಾಕಾ," ಎಂದೆ.