ಕಾರಿನ ಕರಿ ಎಣ್ಣೆಗೆ ಬರುತ್ತಿದ್ದವರು

ಎಂಬತ್ತರ ದಶಕದ ನಡುವೆ ನಾನು ಕುಷ್ಟಗಿಯಲ್ಲಿ ಹೆರಿಗೆ ಡಾಕ್ಟರಾಗಿದ್ದೆ. ಮದುವೆಯಾಗಿರಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ದಿನ ತುಂಬಿದ ಸೊಸೆಯನ್ನು ತಡವಾಗಿ ಕರೆತಂದ ಅತ್ತೆಯಂದಿರನ್ನು ವರಾಂಡದಲ್ಲೇ ನಿಲ್ಲಿಸಿ ಬೈಯುತ್ತಿದ್ದೆ. ಹೀಗಾಗಿ ಆಸ್ಪತ್ರೆಯಲ್ಲಿ ಸುತ್ತ ಜನವೋ ಜನ, ಮನೆಯ ಕಡೆ ಮಾತ್ರ ಒಂದು ನರಪಿಳ್ಳೆಯೂ ಸುಳಿಯುತ್ತಿರಲಿಲ್ಲ. ಭಾನುವಾರ ಬಂತೆಂದರೆ ನನಗೆ ಭಯ. ರೇಡಿಯೊ ಹಚ್ಚಿ, ಅದರ ಮಾತಿಗೆ ನಾನೇ ಉತ್ತರ ಕೊಡುವ ಮಟ್ಟಕ್ಕೆ ಬಂದಿದ್ದೆ.

ಮೂರು ತಿಂಗಳಿಗೊಂದು ಭಾನುವಾರ ಮಾತ್ರ ಬೇರೆಯಾಗಿರುತ್ತಿತ್ತು. ಅವತ್ತು ಮಿಸ್ತ್ರಿ ಮನೆಗೇ ಬಂದು ನನ್ನ ಹಳೆಯ ಕಾರಿನ ಇಂಜಿನ್ ಎಣ್ಣೆ ಬದಲಿಸುತ್ತಿದ್ದ. ಇಳಿಸಿದ ಕರಿ ಎಣ್ಣೆಗಾಗಿ ರೈತರು ಡಬ್ಬಿ ಹಿಡಿದು ಬರುತ್ತಿದ್ದರು. ಬಂಡಿಯ ಅಚ್ಚಿಗೆ ಅದೇ ಬೇಕು, ಮನೆಯ ಕಂಬಕ್ಕೆ ಗೆದ್ದಲು ಹತ್ತದಂತೆ ಬಳಿಯಲೂ ಅದೇ. ಎಣ್ಣೆ ಪೂರ್ತಿ ಇಳಿಯುವ ತನಕ ಬೇವಿನ ನೆರಳಲ್ಲಿ ಕೂತು ಸಜ್ಜೆ, ಮಳೆ, ಎತ್ತಿನ ಕಾಲುಬೇನೆ, ನಾನೇ ಹೆರಿಗೆ ಮಾಡಿಸಿದ ಮಕ್ಕಳ ಉಡಾಳತನ ಎಲ್ಲ ಮಾತಾಡುತ್ತಿದ್ದರು. ನಾನು ದೊಡ್ಡ ಪಾತೇಲಿಯಲ್ಲಿ ಚಹಾ ಕಾಸುತ್ತಿದ್ದೆ. "ಸಾವಕಾಶ ಇಳೀಲಿ ಬಿಡು, ಮಿಸ್ತ್ರಿ," ಎನ್ನುತ್ತಿದ್ದೆ. ಅವನಿಗೆ ಕಾರಣ ಗೊತ್ತಿರಲಿಲ್ಲ.

ಹೀಗಿರುವಾಗ ಮಸ್ಕತ್ತಿನಲ್ಲಿದ್ದ ನನ್ನ ತಮ್ಮ ರಜೆಗೆ ಬಂದ. ಜೊತೆಗೆ ಸಿಂಥೆಟಿಕ್ ಎಣ್ಣೆಯ ಡಬ್ಬಿಗಳನ್ನು ತಂದಿದ್ದ.

"ಅಕ್ಕಾ, ಇದನ್ನ ಹಾಕಿಸು. ವರ್ಷ ಆದ್ರೂ ಬದಲಿ ಮಾಡೋದು ಬ್ಯಾಡ. ಮನಿ ಮುಂದ ಈ ಹೊಲಸು, ಈ ಸಂತಿ, ಯಾಕ ಬೇಕು ನಿನಗ?"

ಮಿಸ್ತ್ರಿಯನ್ನು ಕೇಳಿದೆ. "ಎರಡೂ ನಡೀತಾವ್ರಿ, ಅಮ್ಮಾರ. ಅದು ಭಾಳ ದಿನ ಬರತೈತಿ, ನಮ್ಮದನ್ನ ಮ್ಯಾಲಿಂದ ಮ್ಯಾಲ ಬದಲಿ ಮಾಡಬೇಕು. ನಿಮಗ ಯಾವುದು ಅನುಕೂಲ ನೋಡ್ರಿ," ಎಂದ.

ಅನುಕೂಲವಂತೆ. ಆ ಹೊಲಸು ಸಂತೆಯೇ ನನಗೆ ಬೇಕು ಎಂದು ಒಡಹುಟ್ಟಿದವನ ಎದುರು ಹೇಗೆ ಹೇಳಲಿ? ಹೇಳಿದ್ದರೆ, ಒಬ್ಬಳೇ ಇದ್ದೀಯ, ಎಲ್ಲಿಗಾದರೂ ವರ್ಗ ಮಾಡಿಸಿಕೋ ಎಂದು ಶುರು ಹಚ್ಚಿಕೊಳ್ಳುತ್ತಿದ್ದ. ಅಭಿಮಾನ ಅಡ್ಡ ಬಂತು. "ತಮ್ಮ ತಂದದ್ದನ್ನೇ ಹಾಕು," ಅಂದುಬಿಟ್ಟೆ.

ಇಂಜಿನ್ ಸದ್ದೇನೋ ನುಣ್ಣಗಾಯಿತು. ಮೂರು ತಿಂಗಳು ಕಳೆದು ರೈತರು ಡಬ್ಬಿ ಹಿಡಿದು ಬಂದಾಗ, ಎಣ್ಣೆ ಇಳಿಸಿಲ್ಲ, ಇದು ಇನ್ನೂ ಬಹಳ ದಿನ ಬರುತ್ತದೆ ಎಂದೆ. "ಛಲೋ ಆತ್ ಬಿಡ್ರಿ," ಎಂದು ನನಗಾಗಿ ಸಂತೋಷಪಟ್ಟು, ಖಾಲಿ ಡಬ್ಬಿ ಹಿಡಿದು ತಿರುಗಿದರು. ಕೂಡ್ರಿ ಎನ್ನಬೇಕೆಂದುಕೊಂಡೆ. ಯಾಕೆಂದು ಕೇಳಿದರೆ ಏನು ಹೇಳುವುದು? ಗೇಟು ಹಾಕಿಕೊಂಡೆ. ಮುಂದಿನ ಸಲವೂ ಹಾಗೇ ಆಯಿತು. ಆಮೇಲೆ ಅವರು ಬರುವುದನ್ನೇ ಬಿಟ್ಟರು. ಒಳಗೆ ಕೂತು ಅತ್ತುಬಿಟ್ಟೆ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ತಮ್ಮನನ್ನು ಬೈದುಕೊಂಡೆ.

ಕೊನೆಗೆ ತಡೆಯಲಾಗದೆ ಒಂದು ಭಾನುವಾರ ಮಿಸ್ತ್ರಿಯನ್ನು ಕರೆಸಿ ಎಣ್ಣೆ ಇಳಿಸಲು ಹೇಳಿದೆ. ಅವನು ಇಂಜಿನ್ನಿನಿಂದ ಎಣ್ಣೆ ಅಳೆಯುವ ಕಡ್ಡಿ ಎತ್ತಿ ನೋಡಿದ.

"ಇನ್ನೂ ಛಲೋ ಐತ್ರಿ. ಯಾಕ ಸುಮ್ನ ಹಾಳ ಮಾಡ್ತೀರಿ?"

"ನನ್ನ ಕಾರು, ನನ್ನ ಎಣ್ಣಿ. ಇಳಸು ಅಂದ್ರ ಇಳಸು. ಮೊದಲಿನ ಎಣ್ಣೀನ ಹಾಕು."

ಆಸ್ಪತ್ರೆಯ ಆಯಾಳ ಕೈಲಿ ರೈತರಿಗೆಲ್ಲ ಹೇಳಿ ಕಳಿಸಿ, ಪಾತೇಲಿ ತುಂಬ ಚಹಾಕ್ಕೆ ಇಟ್ಟೆ.

ಬಂದವನು ಒಬ್ಬನೇ ಮುದುಕ, ಅದೂ ಬರಿಗೈಲಿ.

"ಡಬ್ಬಿ ಎಲ್ಲೈತಿ, ಯಜ್ಜಾ?"

"ಬಂಡಿಗೆ ಟಾಯರ್, ಬೇರಿಂಗ್ ಹಾಕಿಸೀವ್ರಿ. ಎಲ್ಲಾರೂ ಹಾಕಿಸ್ಯಾರ. ಗೆದ್ದಲಿಗೆ ಅಂಗಡ್ಯಾಗ ಔಷಧ ಸಿಗತೈತಿ. ಈಗ ಈ ಎಣ್ಣಿ ಬೇಕಾಗಂಗಿಲ್ಲ."

"ಮತ್ತ ನೀ ಯಾಕ ಬಂದಿ?"

"ನೀವು ಹೇಳಿ ಕಳಿಸಿದ್ರಲ್ರಿ. ಅದಕ್ಕ ಬಂದ್ನಿ."

ಅಷ್ಟು ವರ್ಷಗಳಲ್ಲಿ ಕೆಲಸಕ್ಕಲ್ಲದೆ ಆ ಊರಿನ ಯಾರನ್ನೂ ನಾನು ಮನೆಗೆ ಬಾ ಎಂದು ಕರೆದೇ ಇರಲಿಲ್ಲ. ಅವನ ಜೊತೆ ನೆರಳಲ್ಲಿ ಕೂತು ಚಹಾ ಕುಡಿದೆ. ಅವನು ಮೊಮ್ಮಗಳ ಸುದ್ದಿ ಹೇಳಿದ, ಸಜ್ಜೆಯ ಸುದ್ದಿ ಹೇಳಿದ. ಆಮೇಲೆ ಮೊಣಕಾಲು ಹಿಡಿದು ಎದ್ದ.

"ಬರ್ತೀನ್ರಿ, ಅಮ್ಮಾರ. ಮತ್ತ ಯಾವಾಗ ಬರಬೇಕು, ಹೇಳ್ರಿ."

"ಎಣ್ಣಿ ಇಳಿಸಿದಾಗ ಹೇಳಿ ಕಳಸ್ತೀನಿ," ಎಂದೆ.

ಅವನು ತಲೆಯಾಡಿಸಿ ಹೋದ. ಬರುವ ಭಾನುವಾರವೇ ಬಾ ಎಂಬ ಮಾತು ನನ್ನ ಬಾಯಿಗೆ ಬರಲೇ ಇಲ್ಲ.