ನೂರಜಹಾನಳ ಸೊಟ್ಟ ಗೆರೆ

ನೂರಜಹಾನ್ ಯಾರನ್ನೂ ನಂಬುವವಳಲ್ಲ. ತರಕಾರಿಯವನ ತಕ್ಕಡಿಯನ್ನು ನಂಬಳು, ಹಾಲಿನವಳ ಆಣೆಯನ್ನು ನಂಬಳು. ಸೇಡಂ ರಸ್ತೆಯ ಡಾಕ್ಟರು ಕೊಟ್ಟ ಗುಳಿಗೆಯನ್ನೂ ಎರಡು ಸಲ ಮೂಸಿಯೇ ನುಂಗುವಾಕೆ. ಇಂಥವಳನ್ನು ಎಣ್ಣೆ ಹುಡುಕುವ ಕಂಪನಿಯವರು ಕೆಲಸಕ್ಕೆ ಇಟ್ಟುಕೊಂಡದ್ದೇ ಸೋಜಿಗ!

ಕಂಪನಿ ಕಮಲಾಪುರದ ಬಳಿ ಆಳವಾಗಿ ಕೊರೆಯುತ್ತಿತ್ತು. ಮೇಲಿನ ಕರಿಕಲ್ಲು ದಾಟಿದರೆ ಕೋಟಿಗಟ್ಟಲೆ ವರ್ಷ ಹಳೆಯ ಸುಣ್ಣದ ಕಲ್ಲು. ಅದರ ಬಿರುಕುಗಳಲ್ಲಿ ಎಣ್ಣೆ ಅಡಗಿರಬಹುದೆಂಬ ಆಸೆ. ಕೊರೆದು ತೆಗೆದ ದುಂಡು ಕಲ್ಲಿನ ತುಂಡುಗಳು ಕೋಟನೂರಿನ ಶೆಡ್ಡಿಗೆ ಬರುತ್ತಿದ್ದವು. ಅವನ್ನು ತೊಳೆದು, ಉದ್ದಕ್ಕೂ ಕೆಂಪು ಗೆರೆ ಎಳೆದು, ಪೆಟ್ಟಿಗೆಗೆ ಜೋಡಿಸುವುದು ನೂರಜಹಾನಳ ಕೆಲಸ. ಅವಳ ಕೈ ದಾಟದೆ ಒಂದು ತುಂಡೂ ಪೆಟ್ಟಿಗೆ ಸೇರುತ್ತಿರಲಿಲ್ಲ. ಹಿಂದೊಮ್ಮೆ ಫರಸಿ ಕಲ್ಲು ಕೊಯ್ಯುವ ಮಷಿನ್ನಿಗೆ ಹೆಬ್ಬೆರಳ ತುದಿ ಕೊಟ್ಟಿದ್ದಳು; ಹಾಗಾಗಿ ಅವಳು ಎಳೆದ ಗೆರೆ ಸೊಟ್ಟಗಾಗುತ್ತಿತ್ತು.

"ಸ್ಕೇಲ್ ಹಿಡೀರಿ ಅಂತ ಎಷ್ಟು ಸಲ ಹೇಳ್ಬೇಕ್ರಿ?" ಎಂದು ಮ್ಯಾನೇಜರ್ ಅಮರನಾಥ ದಿನಾ ಬಯ್ಯುತ್ತಿದ್ದ.

ಒಂದು ದಿನ ಅದೇ ಅಮರನಾಥ ಕಮಲಾಪುರದಲ್ಲಿ ಸಭೆ ಕರೆದ. ಎಣ್ಣೆ ಸಿಕ್ಕಿದೆಯಂತೆ! ಇನ್ನೊಂದು ಬಾವಿ ಕೊರೆಯಲು ಮಹಾಗಾಂವದ ನಾಗಣ್ಣನ ತೊಗರಿ ಹೊಲ ಬೇಕಂತೆ! ನಾಗಣ್ಣ ನೂರಜಹಾನಳ ತೀರಿಹೋದ ಗಂಡನ ಜೀವದ ಗೆಳೆಯ. ಅವನಿಗಿದ್ದುದು ಅದೊಂದೇ ಹೊಲ. ಸುದ್ದಿ ನೂರಜಹಾನಳ ಕಿವಿಗೂ ಬಿತ್ತು. ಅಷ್ಟು ಕಲ್ಲು ತೊಳೆದರೂ ಎಣ್ಣೆಯ ವಾಸನೆ ಒಂದು ದಿನವೂ ಮೂಗಿಗೆ ಬಡಿದಿರಲಿಲ್ಲ. ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಟೆಂಪೋ ಹತ್ತಿದಳು.

ಹೋಗುವಷ್ಟರಲ್ಲಿ ನಾಗಣ್ಣನ ಕೈಯಲ್ಲಿ ಪೆನ್ನಿತ್ತು. ಮೇಜಿನ ಮೇಲೆ, ಕಮಲಾಪುರದ ಬಾವಿಯದೆಂದು ಇಟ್ಟ, ಎಣ್ಣೆ ಜಿನುಗಿದ ದುಂಡು ಕಲ್ಲಿತ್ತು.

"ತಡೀರಿ ನಾಗಣ್ಣಾ! ಮ್ಯಾಲ ಡೀಸೆಲ್ ಸುರುದಾರ. ಒಡದು ನೋಡ್ರಿ, ಒಳಗ ಏನೂ ಇರಂಗಿಲ್ಲ."

ಅಮರನಾಥ ಬೇಡವೆನ್ನುವ ಮೊದಲೇ ಸುತ್ತಿಗೆ ಬಿತ್ತು. ಕಲ್ಲು ಎರಡಾಯಿತು. ಒಳಗಿನ ಬಿರುಕಿನಲ್ಲೂ ಕಪ್ಪು ಜಿಗುಟು ಎಣ್ಣೆ! ಸಭೆಯೆಲ್ಲ ಗೊಳ್ಳೆಂದಿತು. ನೂರಜಹಾನಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಭಾಭಿ, ನಿಮ್ಮ ಸಂಶಯಕ್ಕ ಮದ್ದಿಲ್ಲ ಬಿಡ್ರಿ," ಎಂದು ನಾಗಣ್ಣ ಸಹಿ ಹಾಕಲು ಕಾಗದದ ಮೇಲೆ ಬಗ್ಗಿದ.

ಅವಳು ಕಲ್ಲಿನ ಎರಡು ಹೋಳುಗಳನ್ನು ಜೋಡಿಸಿ ಇಡಲು ಹೋದಳು. ಮೇಲಿನ ಕೆಂಪು ಗೆರೆ ಆಗ ಕಣ್ಣಿಗೆ ಬಿತ್ತು. ದಾರ ಎಳೆದು ಹಿಡಿದಂತೆ ನೆಟ್ಟಗಿತ್ತು.

"ಸಾಹೇಬ್ರ, ನನ್ನ ಗೆರಿ ಸೊಟ್ಟ ಅಂತ ದಿನಾ ಬೈತಿದ್ರಿ," ಎಂದಳು. "ಇದನ್ನ ಇಷ್ಟು ನೆಟ್ಟಗ ಯಾರು ಎಳದಾರ್ರಿ? ಎಣ್ಣಿ ಖರೇನೇ ಅದ. ಕಲ್ಲು ಯಾವೂರ ಬಾವೀದು?"

ಅಮರನಾಥ ತಡಬಡಿಸಿ ನೀರಿನ ಬಾಟಲಿಗೆ ಕೈಹಾಕಿದ. ನಾಗಣ್ಣ ಪೆನ್ನು ಕೆಳಗಿಟ್ಟ.

ಮರುದಿನ ನೂರಜಹಾನಳನ್ನು ಶೆಡ್ಡಿನೊಳಗೆ ಬಿಡಲಿಲ್ಲ. ಸುಗ್ಗಿ ಮುಗಿದ ಮೇಲೆ ನಾಗಣ್ಣ ತನ್ನ ಹೊಲದ ತೊಗರಿಯ ಚೀಲವೊಂದನ್ನು ಬೈಕಿನ ಮೇಲಿಟ್ಟುಕೊಂಡು ಅವಳ ಮನೆಗೆ ಬಂದ. ಅವಳು ಚೀಲ ಬಿಚ್ಚಿ, ಮೊಣಕೈವರೆಗೂ ಕೈಯಿಳಿಸಿ, ತಳದ ಕಾಳನ್ನು ತೆಗೆದು ಮೂಸಿದಳು.

"ನೋಡ್ರಿ ಭಾಭಿ," ಎಂದ ನಾಗಣ್ಣ, "ಇನ್ನಾ ಚೆಂದಗೆ ನೋಡ್ರಿ."